ಎಲೀಯನಿಗೆ ಮೊದಲು ರೊಟ್ಟಿ ಸಿಕ್ಕಿತು

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಆಪ್ತಸಲಹೆಗೆ ನನ್ನ ಹತ್ತಿರ ಬಂದವರನ್ನು ಗ್ರೇಸಿ ಎಂದು ಕರೆಯೋಣ. ಉಡುಪಿಯವರು, ವಯಸ್ಸು ನಲವತ್ತರ ಹತ್ತಿರ, ನರ್ಸ್. ಗಂಡ ಗಲ್ಫ್‌ನಲ್ಲಿ. ಮನೆಯಲ್ಲಿ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಜೊತೆಗೆ ನೈಟ್ ಡ್ಯೂಟಿ. ಮಗ ಪಿಯುಸಿಯಲ್ಲಿ ಎರಡು ವಿಷಯ ಫೇಲಾದ ಮೇಲೆ ಅವರ ತಲೆಯಲ್ಲಿ ಒಂದೇ ಮಾತು: ‘ನಾನು ಯಾವುದಕ್ಕೂ ಲಾಯಕ್ಕಿಲ್ಲ. ದೇವರೂ ಕೈಬಿಟ್ಟ.’

“ಹೀಗೆಲ್ಲ ಯೋಚನೆ ಬರುವುದೇ ಪಾಪ ಅಲ್ವಾ?” ಎಂದು ಕೇಳಿದರು. ಪ್ರಾರ್ಥನಾಕೂಟದಲ್ಲಿ ಯಾರೋ ‘ನಿಮ್ಮ ವಿಶ್ವಾಸ ಸಾಲದು, ಉಪವಾಸ ಮಾಡಿ’ ಅಂದಿದ್ದರಂತೆ. ಇವರು ಉಪವಾಸ ಹಿಡಿದರು. ಮೊದಲೇ ನಿದ್ದೆಯಿಲ್ಲ, ಮೇಲೆ ಖಾಲಿ ಹೊಟ್ಟೆ. ಕೇಳಿ ನನಗೆ ಸಂಕಟವಾಯಿತು. ಹೇಳಿದವರ ಮನಸ್ಸು ಕೆಟ್ಟದ್ದಲ್ಲ. ಆದರೂ ಕುಗ್ಗಿದವರಿಗೆ ಈ ಮಾತು ಹೇಳಲೇಬಾರದು.

ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ. “ಸಾಯಬೇಕು ಅಂತಲ್ಲ, ಮಲಗಿದರೆ ಏಳುವುದೇ ಬೇಡ ಅನ್ನಿಸುತ್ತದೆ” ಎಂದರು. ಆ ಮಾತನ್ನು ಸುಮ್ನೆ ಬಿಡುವಂತಿಲ್ಲ. ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಮಾತ್ರೆ ಶುರು ಮಾಡಿದರು. ರಾತ್ರಿ ತಡೆಯಲಾಗದಿದ್ದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪಾಪದ ಪ್ರಶ್ನೆಗೆ ಬೈಬಲಿನ 1 ಅರಸುಗಳು ಪುಸ್ತಕದ 19ನೇ ಅಧ್ಯಾಯ ತೆಗೆದೆವು. ಕರ್ಮೆಲ್ ಬೆಟ್ಟದಲ್ಲಿ ಬಾಳ್ ಎಂಬ ದೇವರ ಪ್ರವಾದಿಗಳನ್ನು ಗೆದ್ದ ಬೆನ್ನಿಗೇ ಪ್ರವಾದಿ ಎಲೀಯ ಓಡಿಹೋಗಿ, ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವರು ಗದರಿಸುವುದಿಲ್ಲ. ದೂತ ಬಂದು ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ತೋರಿಸುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಊಟ. ಮಾತುಕತೆಯೆಲ್ಲ ಆಮೇಲೆ! ಹಾಗಾಗಿ ಮೊದಲ ಸಲಹೆ: ಉಪವಾಸ ನಿಲ್ಲಿಸಿ. ಡ್ಯೂಟಿ ಮುಗಿಸಿ ಬಂದು ಗಂಜಿ ಉಂಡು ಮಲಗಿ. ಅದೂ ವಿಶ್ವಾಸದ ಕೆಲಸವೇ.

ಅದೇ ಅಧ್ಯಾಯದಲ್ಲಿ ಎಲೀಯ ‘ಉಳಿದವನು ನಾನೊಬ್ಬನೇ’ ಎಂದು ಎರಡು ಸಲ ಹೇಳುತ್ತಾನೆ. ಬಾಳನಿಗೆ ಅಡ್ಡಬೀಳದ 7000 ಮಂದಿ ಇದ್ದಾರೆ ಎಂದು ದೇವರು ತಿಳಿಸುತ್ತಾನೆ. ಎಲೀಯನ ಮಾತಿಗೆ ದೇವರು ಎದುರಿಟ್ಟದ್ದು ನಡೆದಿರುವ ಸಂಗತಿಯನ್ನು. ನಾವೂ ಅದನ್ನೇ ಮಾಡಿದೆವು. ಹಾಳೆಯ ಎಡಕ್ಕೆ ತಲೆಗೆ ಬಂದ ಮಾತು, ಬಲಕ್ಕೆ ನಿಜವಾಗಿ ನಡೆದದ್ದು.

ಎಡಕ್ಕೆ ಬರೆದರು: ‘ಮಗ ಫೇಲಾದದ್ದು ನನ್ನಿಂದ.’ ಪೆನ್ನು ಹಿಡಿದು ತುಂಬಾ ಹೊತ್ತು ಕೂತರು. ಆಮೇಲೆ ಬಲಕ್ಕೆ: ‘ಎಸ್ಸೆಸ್ಸೆಲ್ಸಿ ಪಾಸಾದಾಗಲೂ ನನಗೆ ನೈಟ್ ಡ್ಯೂಟಿ ಇತ್ತು. ಅವನಿಗೆ ಕಾಮರ್ಸ್ ಬೇಕಿತ್ತು. ನಾನೇ ಸೈನ್ಸ್‌ಗೆ ಒತ್ತಾಯ ಮಾಡಿದೆ.’

ಈ ಕೊನೆಯ ಸಾಲು ನಿಜ. ಅದನ್ನು ಅಳಿಸಲು ಹೇಳಲಿಲ್ಲ. ಒತ್ತಾಯ ಮಾಡಿದ್ದಕ್ಕೆ ಮಗನ ಹತ್ತಿರ ಕ್ಷಮೆ ಕೇಳಬಹುದು. ಪಶ್ಚಾತ್ತಾಪ ಎಂದರೆ ಅದೇ. ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂಬುದು ಪಶ್ಚಾತ್ತಾಪವಲ್ಲ, ತನಗೆ ತಾನೇ ಬರೆದುಕೊಂಡ ತೀರ್ಪು. ಕ್ರಿಸ್ತನಲ್ಲಿರುವವರಿಗೆ ಅಂಥ ತೀರ್ಪಿಲ್ಲ ಎಂದು ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ಶುರುವಾಗುವುದೇ ಹಾಗೆ.

ಅವರ ಪ್ರಾರ್ಥನೆಯಲ್ಲಿ ‘ಕ್ಷಮಿಸು’ ಬಿಟ್ಟು ಬೇರೆ ಮಾತೇ ಇರಲಿಲ್ಲ. ಅದರ ಬದಲು ಬೈಬಲಿನ 42, 43ನೇ ಕೀರ್ತನೆ ಗಟ್ಟಿಯಾಗಿ ಓದಲು ಹೇಳಿದೆ. ಯಾಕೆ ಕುಗ್ಗಿದ್ದೀಯ ಎಂದು ಕೀರ್ತನೆಗಾರ ತನ್ನ ಮನಸ್ಸನ್ನೇ ಮೂರು ಸಲ ಕೇಳುತ್ತಾನೆ. ಒಂದೇ ಸಲಕ್ಕೆ ಸರಿಹೋಗಲಿಲ್ಲ ಎಂದರೆ ವಿಶ್ವಾಸ ಕಡಿಮೆ ಎಂದಲ್ಲ.

ಅವರ ಒಪ್ಪಿಗೆ ಪಡೆದು ಅವರ ಚರ್ಚಿನ ಸಭಾಪಾಲಕರ ಹತ್ತಿರವೂ ಮಾತಾಡಿದೆ. ಎಲೀಯನಿಗೂ ಶಿಷ್ಯ ಎಲೀಷನ ಜೊತೆ ಬೇಕಾಯಿತಲ್ಲ. ಈಗ ಸಭೆಯ ಹೆಂಗಸರು ಸರದಿಯಲ್ಲಿ ಬಂದು ಅತ್ತೆಯ ಹತ್ತಿರ ಕೂರುತ್ತಾರೆ, ಆ ಹೊತ್ತಿಗೆ ಗ್ರೇಸಿ ನಿದ್ದೆ ಮಾಡುತ್ತಾರೆ. ಮಾತ್ರೆ ಇನ್ನೂ ಇದೆ. ವೈದ್ಯರು ಹೇಳದೆ ಬಿಡಬೇಡಿ ಎಂದಿದ್ದೇನೆ. ಮಗ ಒಂದು ವಿಷಯ ಪಾಸಾದ, ಇನ್ನೊಂದಕ್ಕೆ ಓದುತ್ತಿದ್ದಾನೆ. ಹಾಳೆಯ ಎಡಭಾಗ ಇನ್ನೂ ಖಾಲಿಯಾಗಿಲ್ಲ. ಬಲಭಾಗವನ್ನು ಮಾತ್ರ ಈಗ ನನ್ನ ಸಹಾಯವಿಲ್ಲದೆ ತುಂಬುತ್ತಾರೆ.