ಕಂಪ್ಯೂಟರ್‌ನಲ್ಲಿ ಬ್ರೈನ್ ಗೇಮ್ ಆಡಿದರೆ ವಯಸ್ಸಾದವರ ಮರೆವು ಕಡಿಮೆಯಾಗುತ್ತಾ?

ಆಡಿದ ಆಟದಲ್ಲಿ ಕೈ ಪಳಗುತ್ತದೆ, ಅದು ಖಂಡಿತ. ಆದರೆ ಪದಗಳನ್ನು ನೆನಪಿಡುವ ಆಟ ಚೆನ್ನಾಗಿ ಆಡುವವರು ಮಾತ್ರೆ ನುಂಗುವುದನ್ನು ಮರೆಯುವುದಿಲ್ಲ ಅಂತೇನಿಲ್ಲ.

ಅಮೆರಿಕದ ‘ಆಕ್ಟಿವ್’ ಅಧ್ಯಯನದಲ್ಲಿ 65 ದಾಟಿದ 2,800ಕ್ಕೂ ಹೆಚ್ಚು ಜನರಿದ್ದರು. ಒಂದು ಗುಂಪಿಗೆ ಕಂಪ್ಯೂಟರ್‌ನಲ್ಲಿ ವೇಗದ ತರಬೇತಿ. ಪರದೆಯ ನಡುವೆ ಒಂದು ವಾಹನ, ಅಂಚಿನಲ್ಲಿ ಇನ್ನೊಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ನಡುವೆ ಇದ್ದದ್ದು ಕಾರಾ, ಲಾರಿಯಾ? ಅಂಚಿನದು ಎಲ್ಲಿತ್ತು? ಸರಿ ಹೇಳಿದಷ್ಟೂ ವೇಗ ಜಾಸ್ತಿ. 10 ವರ್ಷದ ನಂತರವೂ ಆ ಚುರುಕು ಸ್ವಲ್ಪ ಉಳಿದಿತ್ತು. ನೆನಪಿನ ತರಬೇತಿ ಪಡೆದ ಇನ್ನೊಂದು ಗುಂಪಿನಲ್ಲಿ ನೆನಪಿನ ಲಾಭ ಅಷ್ಟು ಕಾಲ ಉಳಿಯಲಿಲ್ಲ. ನನಗೆ ಮುಖ್ಯ ಅನಿಸುವುದು ಇದೇ.

ಖುಷಿಯಿದ್ದರೆ ಆಡಲಿ. ನಡಿಗೆ, ಬಿಪಿ ಹತೋಟಿ ಬಿಡಬಾರದು. ಮರೆವು ಹೆಚ್ಚುತ್ತಿದ್ದರೆ ಸುಮ್ನೆ ಆಟ ನಂಬಿ ಕೂರದೆ ಡಾಕ್ಟರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್‌ನಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ.