ಹಲ್ಲಿನ ಬೇರು ಸೈನಸ್ ಒಳಗೆ ಹೋಗಿದೆ, ಗುಳಿಗೆಯಲ್ಲೇ ವಾಸಿಯಾಗುತ್ತಾ?

ಗಂಗಾವತಿಯಲ್ಲಿ ನಿಮ್ಮ ತಂದೆಯವರ ಮೇಲಿನ ದವಡೆ ಹಲ್ಲು ಕೀಳುವಾಗ ಬೇರಿನ ತುಂಡು ಸೈನಸ್ (ಕೆನ್ನೆಯ ಮೂಳೆಯೊಳಗೆ ಗಾಳಿ ಇರುವ ಪೊಳ್ಳು ಜಾಗ) ಒಳಗೆ ಹೋಗಿದೆ, ಈಗ ನೀರು ಕುಡಿದರೆ ಮೂಗಿನಿಂದ ಬರುತ್ತದೆ, ಆಪರೇಷನ್ ಬೇಕೇ ಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಆದರೆ ನಮ್ಮ ಅಣ್ಣನಿಗೆ ಇದೇ ಆಗಿತ್ತು, ರಾಯಚೂರಿಗೆ ಅವನ ಜೊತೆ ಓಡಾಡಿದವನು ನಾನೇ. ಗುಳಿಗೆ ಕೀವು ಕಡಿಮೆ ಮಾಡುತ್ತದೆ, ಬೇರನ್ನು ಹೊರಗೆ ತರುವುದಿಲ್ಲ. ಸುಮ್ನೆ ಕಾಯಬೇಡಿ.

ಅಣ್ಣ ಸಿಂಧನೂರಿನ ರೈಸ್ ಮಿಲ್‌ನಲ್ಲಿದ್ದಾನೆ. ಮೂಗು ಸೋರಿದಾಗ ಎಲ್ಲರೂ ಭತ್ತದ ಧೂಳು ಅಂದರು. ಧೂಳಿನ ನೆಗಡಿ ಸಾಮಾನ್ಯವಾಗಿ ಎರಡೂ ಹೊಳ್ಳೆಗೆ ಬರುತ್ತದೆ, ಅಲ್ವಾ? ಅವನಿಗೆ ಎಡಗಡೆ ಮಾತ್ರ, ಅದೂ ಕೊಳೆತ ವಾಸನೆ. ಇ.ಎನ್.ಟಿ. ಡಾಕ್ಟರ್ ಮೊದಲು ಕೇಳಿದ್ದೇ, ‘ಆ ಕಡೆ ಹಲ್ಲು ಕೀಳಿಸಿದ್ದೀಯಾ?’ ಅಂತ. ಸಿ.ಟಿ. ಸ್ಕ್ಯಾನ್‌ನಲ್ಲಿ ಬೇರಿನ ಚೂರು ಎಲ್ಲಿದೆ ಅಂತ ಸ್ಪಷ್ಟವಾಗಿ ಕಾಣಿಸಿತು.

ಕೆನ್ನೆಯ ಮೂಳೆಯೊಳಗಿನ ಸೈನಸ್ ಮೇಲಿನ ದವಡೆ ಹಲ್ಲುಗಳ ಬೇರಿಗೆ ತೀರಾ ಹತ್ತಿರ. ಕೆಲವರಲ್ಲಿ ನಡುವೆ ತೆಳು ಪೊರೆ ಅಷ್ಟೇ ಇರುತ್ತದೆ. ಹಾಗಾಗಿ ಹಲ್ಲಿನ ಡಾಕ್ಟರ ಮೇಲೆ ಜಗಳಕ್ಕೆ ಹೋಗಬೇಡಿ. ರೂಟ್ ಕೆನಾಲ್‌ಗೆ ತುಂಬುವ ವಸ್ತುವೂ ಹೀಗೆ ಮೇಲೇರಬಹುದು, ಅದರ ಸುತ್ತ ಫಂಗಸ್ ಬೆಳೆಯುವುದೂ ಉಂಟು.

ಈಗ ಜಾಸ್ತಿ ಮಾಡುವುದು ಎಂಡೋಸ್ಕೋಪಿ. ಮೂಗಿನ ಮೂಲಕವೇ ಕ್ಯಾಮೆರಾ ಇರುವ ತೆಳು ಕೊಳವೆ ಹಾಕಿ, ಸೈನಸ್‌ನ ಬಾಯಿ ಅಗಲ ಮಾಡಿ, ಚೂರು ತೆಗೆದು ಕೀವು ತೊಳೆಯುತ್ತಾರೆ. ಮುಖದ ಮೇಲೆ ಗಾಯ ಇರುವುದಿಲ್ಲ. ಅಲ್ಲಿಂದ ಕೈಗೆ ಸಿಗದಿದ್ದರೆ ಮೇಲ್ದುಟಿಯ ಒಳಗೆ ಕೊಯ್ದು ತೆಗೆಯುವ ಹಳೆಯ ವಿಧಾನವಿದೆ. ಅದನ್ನು 1893ರಲ್ಲಿ ಅಮೆರಿಕದ ಕಾಲ್ಡ್‌ವೆಲ್, 1897ರಲ್ಲಿ ಫ್ರಾನ್ಸಿನ ಲೂಕ್ ಎಂಬ ಡಾಕ್ಟರುಗಳು ವಿವರಿಸಿದ್ದು. ಇವತ್ತಿಗೂ ಅದು ಬೇಕಾಗುತ್ತದೆ.

ಬೇರು ತೆಗೆದರಷ್ಟೇ ಸಾಲದು. ನೀರು ಮೂಗಿಗೆ ಬರುತ್ತಿದೆ ಅಂದರೆ ಬಾಯಿಗೂ ಸೈನಸ್‌ಗೂ ತೂತಾಗಿದೆ. ತೀರಾ ಚಿಕ್ಕದಾದರೆ ತಾನೇ ಕೂಡಿಕೊಳ್ಳಬಹುದು, ಇಲ್ಲದಿದ್ದರೆ ಪಕ್ಕದ ಒಸಡನ್ನು ಎಳೆದು ಹೊಲಿಯಬೇಕು. ಅದನ್ನು ಬಿಟ್ಟರೆ ಅನ್ನದ ಅಗುಳು ಒಳಗೆ ಹೋಗಿ ಮತ್ತೆ ಕೀವಾಗುತ್ತದೆ. ಎರಡನ್ನೂ ಒಂದೇ ಸಲಕ್ಕೆ ಮಾಡಬಹುದಾ ಅಂತ ಕೇಳಿ. ಅಣ್ಣನಿಗೆ ಇ.ಎನ್.ಟಿ. ಮತ್ತು ಹಲ್ಲಿನ ಸರ್ಜನ್ ಒಟ್ಟಿಗೆ ನಿಂತು ಮಾಡಿದ್ದರು.

ಅಲ್ಲಿಯವರೆಗೆ ತಂದೆಯವರು ಜೋರಾಗಿ ಸಿಂಬಳ ಸೀಟುವುದು ಬೇಡ. ಸೀನು ಬಂದರೆ ಬಾಯಿ ತೆರೆದು ಸೀನಲಿ. ಬೀಡಿ ಸೇದುತ್ತಿದ್ದರೆ ನಿಲ್ಲಿಸಲಿ. ಕಣ್ಣಿನ ಸುತ್ತ ಊದಿದರೆ, ದೃಷ್ಟಿ ಮಂಜಾದರೆ, ಜ್ವರ ಏರಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ. ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ಗೋ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜಿಗೋ ಹೋಗುವಾಗ ಹಲ್ಲಿನ ಹಳೇ ಎಕ್ಸ್‌ರೇ, ಕಿತ್ತ ಹಲ್ಲಿನ ತುಂಡು ಉಳಿದಿದ್ದರೆ ಅದನ್ನೂ ಒಯ್ಯಿರಿ.