ಹ್ಯಾಂಡ್ಸಮ್ ಎಂದರೆ ಬರೀ ‘ಸುಂದರ’ ಅಲ್ಲ

ನೀವು ಎರಡು ವಿಷಯ ಕೇಳಿದ್ದೀರಿ. ಕೆಲಸದ ಜಾಹೀರಾತಿನಲ್ಲಿ ‘ಹ್ಯಾಂಡ್ಸಮ್ ಸ್ಯಾಲರಿ’ ಎಂದಿದೆಯಲ್ಲ, ಸಂಬಳ ಹೇಗೆ ಸುಂದರವಾಗಿರುತ್ತದೆ? ಈ ಪದವನ್ನು ಹೆಂಗಸರಿಗೂ ಹೇಳಬಹುದೇ? ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದವನು. ಇದೇ ಪದದಲ್ಲಿ ಒಮ್ಮೆ ನಾನೇ ತಪ್ಪಿದ್ದೇನೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸತು. ಎಂಟನೇ ತರಗತಿಯ ಹುಡುಗನೊಬ್ಬ ತನ್ನ ಮನೆಯ ಎತ್ತುಗಳ ಬಗ್ಗೆ ಹತ್ತು ವಾಕ್ಯ ಬರೆದು ತಂದಿದ್ದ. ಅದರಲ್ಲಿ ಒಂದು ಎತ್ತನ್ನು ‘ಹ್ಯಾಂಡ್ಸಮ್’ ಎಂದಿದ್ದ. ಇದು ಗಂಡಸರಿಗೆ ಮಾತ್ರ ಹೇಳುವ ಪದ ಎಂದು ನಾನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ‘ಬ್ಯೂಟಿಫುಲ್’ ಎಂದು ತಿದ್ದಿದೆ. ಹುಡುಗ ಪುಸ್ತಕ ನೋಡುತ್ತಾ ನಿಂತ. “ಸಾರ್, ಅದು ಲಕ್ಷಣವಾಗಿದೆ, ಅದಕ್ಕೆ ಹಾಗೆ ಬರೆದೆ” ಎಂದ. ಅದು ಹಳ್ಳಿಕಾರ್ ಎತ್ತು. ಹಿಂದಕ್ಕೆ ಬಾಗಿದ ನೀಳ ಕೊಂಬು, ಬಿಗಿಯಾದ ಮೈ. ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಸುಳಿ, ಹಲ್ಲು, ಕಾಲು, ನಡಿಗೆ ಎಲ್ಲವನ್ನೂ ನೋಡಿ ಕೊನೆಗೆ ಹೇಳುವ ಮಾತೇ ‘ಲಕ್ಷಣವಾಗಿದೆ’. ಆ ರಾತ್ರಿ ಮನೆಯಲ್ಲಿ ನಿಘಂಟು ತೆಗೆದಾಗ ಗೊತ್ತಾಯಿತು, ಹುಡುಗ ಬರೆದದ್ದು ಸರಿ. ಇಂಗ್ಲಿಷಿನಲ್ಲಿ ಕುದುರೆ ಹ್ಯಾಂಡ್ಸಮ್, ಕಟ್ಟಡ ಹ್ಯಾಂಡ್ಸಮ್, ಒಳ್ಳೆಯ ರಟ್ಟು ಹಾಕಿದ ಪುಸ್ತಕವೂ ಹ್ಯಾಂಡ್ಸಮ್. ಮರುದಿನ ಅವನ ಪುಸ್ತಕ ಕೇಳಿ ತೆಗೆದುಕೊಂಡು, ನನ್ನ ತಿದ್ದುಪಡಿಯನ್ನು ಹೊಡೆದು ಸಹಿ ಹಾಕಿದೆ. ಅಂದಿನಿಂದ ಈ ಪದವನ್ನು ಕಲಿಸುವಾಗಲೆಲ್ಲ ‘ಲಕ್ಷಣ’ ಎಂಬ ಅವನ ಮಾತಿನಿಂದಲೇ ಶುರು ಮಾಡುತ್ತಿದ್ದೆ.

ಪದವನ್ನು ಬಿಡಿಸಿ ನೋಡಿ. ಹ್ಯಾಂಡ್ ಎಂದರೆ ಕೈ. ಹಿಂದಿರುವ ‘ಸಮ್’ ಒಂದು ಪ್ರತ್ಯಯ. ಟೈರ್‌ಸಮ್, ಟ್ರಬಲ್‌ಸಮ್ ಎಂಬ ಪದಗಳಲ್ಲಿ ಇರುವುದೂ ಅದೇ. 15ನೇ ಶತಮಾನದಲ್ಲಿ ಇದರ ಅರ್ಥ ಕೈಗೆ ಸಲೀಸಾದದ್ದು, ಹಿಡಿಯಲು ಬಳಸಲು ಅನುಕೂಲವಾದದ್ದು ಎಂದಷ್ಟೇ. ಕೈಗೆ ಒಗ್ಗಿದ ಕುಡುಗೋಲು ಎನ್ನುತ್ತೇವಲ್ಲ, ಹಾಗೆ. ಕೈಗೆ ಒಗ್ಗುವುದರಿಂದ ‘ತಕ್ಕುದಾದ’ ಎಂಬ ಅರ್ಥ ಬಂತು. ಅಲ್ಲಿಂದ ‘ಸಾಕಷ್ಟು ದೊಡ್ಡದಾದ’ ಎಂದಾಯಿತು. 16ನೇ ಶತಮಾನದ ಕೊನೆಯ ಹೊತ್ತಿಗೆ ನೋಡಲು ಚೆನ್ನಾಗಿರುವ ಮನುಷ್ಯರಿಗೂ ಅಂಟಿಕೊಂಡಿತು. ನಾವು ಮೊದಲು ಕಲಿಯುವ ಅರ್ಥ ಅದಕ್ಕೆ ತಡವಾಗಿ ಬಂದದ್ದು.

ನಿಮ್ಮ ಜಾಹೀರಾತಿನಲ್ಲಿರುವುದು ಆ ‘ಸಾಕಷ್ಟು ದೊಡ್ಡ’ ಎಂಬ ಅರ್ಥ. ಅದಕ್ಕೆ ಕನ್ನಡದಲ್ಲಿ ಎಷ್ಟು ಒಳ್ಳೆಯ ಮಾತಿದೆ ನೋಡಿ: ‘ಕೈತುಂಬ ಸಂಬಳ’. ಅಲ್ಲೂ ಕೈ, ಇಲ್ಲೂ ಕೈ. ಯಾರಿಂದ ಯಾರೂ ಎರವಲು ಪಡೆದದ್ದಲ್ಲ, ಆದರೂ ನನಗೆ ಇದು ಪ್ರತಿ ಸಲವೂ ಸಂತೋಷ ಕೊಡುತ್ತದೆ. ದೇಣಿಗೆಗೆ ಇದೇ ಪದ ಬಂದರೆ ‘ಕೈಬಿಚ್ಚಿ ಕೊಟ್ಟರು’ ಎನ್ನಿ. ಕ್ರಿಕೆಟ್ ವರದಿಯಲ್ಲಿ ಬಂದರೆ ‘ಭರ್ಜರಿ ಗೆಲುವು’ ಸಾಕು.

ಹೆಂಗಸರ ವಿಷಯದಲ್ಲಿ ಎಚ್ಚರ ಬೇಕು. ವ್ಯಾಕರಣದ ತಪ್ಪೇನೂ ಇಲ್ಲ. ಇನ್ನೂರು ವರ್ಷಗಳ ಹಿಂದೆ ಹೆಣ್ಣುಮಕ್ಕಳಿಗೆ ಧಾರಾಳವಾಗಿ ಬಳಸುತ್ತಿದ್ದರು. ಜೇನ್ ಆಸ್ಟೆನ್ ಅವರ ‘ಎಮ್ಮಾ’ 1815ರ ಡಿಸೆಂಬರಿನಲ್ಲಿ ಹೊರಬಂದ ಕಾದಂಬರಿ. ಅದರ ಮೊದಲ ವಾಕ್ಯದಲ್ಲೇ ಇನ್ನೇನು ಇಪ್ಪತ್ತೊಂದು ತುಂಬಲಿರುವ ನಾಯಕಿಗೆ ಸಿಗುವ ಮೊದಲ ವಿಶೇಷಣ ಇದು. ಇಂದು ಹಾಗಿಲ್ಲ. ಈಗ ಹೆಂಗಸರಿಗೆ ಈ ಪದ ಹೇಳಿದರೆ ವಯಸ್ಸಿನ ಪಕ್ವತೆ, ಗಟ್ಟಿಯಾದ ಮುಖಚಹರೆ, ನಿಲುವಿನ ಗಾಂಭೀರ್ಯ ಇವೆಲ್ಲ ಸೂಚಿತವಾಗುತ್ತವೆ. ಮೆಚ್ಚುಗೆಯೇ ಹೌದು, ಆದರೆ ಕೇಳಿದವರಿಗೆ ‘ನಾನು ಚೆಲುವೆಯಲ್ಲ ಎನ್ನುತ್ತಿದ್ದಾರೆಯೇ’ ಎಂದು ಅನ್ನಿಸಬಹುದು. ಸಹೋದ್ಯೋಗಿಗಳಿಗೆ, ಮೇಲಧಿಕಾರಿಗಳಿಗೆ ಹೇಳದಿರುವುದೇ ಒಳ್ಳೆಯದು. ಗಂಡುಮಕ್ಕಳಿಗೆ, ಪುಟ್ಟ ಹುಡುಗ ಹೊಸ ಅಂಗಿ ಹಾಕಿಕೊಂಡು ನಿಂತಾಗಲೂ, ಧಾರಾಳವಾಗಿ ಹೇಳಿ.

ಕನ್ನಡದ ‘ಲಕ್ಷಣ’ಕ್ಕೆ ಈ ಸಂಕೋಚವಿಲ್ಲ. ‘ಹುಡುಗಿ ಲಕ್ಷಣವಾಗಿದ್ದಾಳೆ’ ಎಂದರೆ ಮನೆಮಂದಿಗೆಲ್ಲ ಹಿತ. ‘ಲಕ್ಷಣವಾಗಿ ಕೂತು ಊಟ ಮಾಡು’ ಎಂದು ನನ್ನ ಅಜ್ಜಿ ಗದರುತ್ತಿದ್ದರು, ಅಲ್ಲಿ ರೂಪದ ಮಾತೇ ಇಲ್ಲ, ಸರಿಯಾಗಿ, ತಕ್ಕ ಹಾಗೆ ಎಂದಷ್ಟೇ. ಪತ್ರಿಕೆಗಳ ‘ಸ್ಫುರದ್ರೂಪಿ’ ಮಾತ್ರ ಹೆಚ್ಚಾಗಿ ಗಂಡಸರಿಗೇ ಮೀಸಲು. ಆ ಮಟ್ಟಿಗೆ ಅದು ಇಂದಿನ ಹ್ಯಾಂಡ್ಸಮ್‌ಗೆ ಹತ್ತಿರ.

ಉಚ್ಚಾರಣೆಯ ಮಾತು ಒಂದಿದೆ. ನಾವು ‘ಡ್’ ಸೇರಿಸಿ ಬರೆಯುತ್ತೇವೆ, ಆದರೆ ಇಂಗ್ಲಿಷರು ಅದನ್ನು ನುಂಗಿ ‘ಹ್ಯಾನ್ಸಮ್’ ಎನ್ನುತ್ತಾರೆ. ಸಂದರ್ಶನದಲ್ಲಿ ಕೇಳಿಸಿದರೆ ಬೇರೆ ಪದವೆಂದು ಗಾಬರಿಯಾಗಬೇಡಿ. ಇನ್ನು, ಆ ಜಾಹೀರಾತಿನಲ್ಲಿ ಸಂಬಳದ ಅಂಕಿ ಕೊಟ್ಟಿಲ್ಲವಾದರೆ ಅರ್ಜಿ ಹಾಕುವ ಮೊದಲೇ ಫೋನ್ ಮಾಡಿ, ತಿಂಗಳಿಗೆ ಕೈಗೆ ಬರುವುದು ಎಷ್ಟು ಎಂದು ಕೇಳಿಬಿಡಿ.